ಎಫ್‌ಐಆರ್, ಚಾರ್ಜ್‌ಶೀಟ್ ಕೈಗೆ ಬಂದಾಗ ‘ಉದ್ದೇಶ’ ಹುಡುಕುವ ಕ್ರಮ

“ಸದರಿ ಆರೋಪಿತನು ಹಳೆಯ ದ್ವೇಷದಿಂದ, ಫಿರ್ಯಾದಿಯನ್ನು ಕೊಲೆ ಮಾಡುವ ಉದ್ದೇಶದಿಂದ ಬಡಿಗೆಯಿಂದ ತಲೆಗೆ ಹೊಡೆದು, ಅವಾಚ್ಯ ಶಬ್ದಗಳಿಂದ ಬೈದು, ಜೀವದ ಬೆದರಿಕೆ ಹಾಕಿದ್ದು ಇರುತ್ತದೆ.” ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹೊಡೆದಾಟದ ಎಫ್‌ಐಆರ್‌ಗಳನ್ನು ನಾಲ್ಕು ದಿನ ಓದಿದವರಿಗೆ ಈ ವಾಕ್ಯ ಬಾಯಿಪಾಠ ಆಗಿರುತ್ತದೆ. ಇದರೊಳಗೆ ಮೂರು ಬೇರೆ ಬೇರೆ ಅಪರಾಧಗಳಿವೆ, ಮೂರಕ್ಕೂ ಬೇಕಾದ ಮನಸ್ಥಿತಿ ಬೇರೆ ಬೇರೆ. ‘ಉದ್ದೇಶದಿಂದ’ ಎಂದು ಬರೆದ ಮಾತ್ರಕ್ಕೆ ಉದ್ದೇಶ ಸಾಬೀತಾಗುವುದಿಲ್ಲ. ಬರೆಯದೆ ಬಿಟ್ಟರೆ ಕೇಸು ಬಿದ್ದುಹೋಗುವುದೂ ಇಲ್ಲ.

ವಕೀಲಿಕೆಗೆ ಹೊಸಬರು, ನವನಗರದ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗೆ ಓದುವವರು, ಮನೆಯವರ ಮೇಲೆ ಕೇಸಾಗಿ ಕಾಗದ ಹಿಡಿದು ಕೂತವರು, ಮೂವರೂ ಮಾಡುವ ತಪ್ಪು ಒಂದೇ. “ಅವನಿಗೆ ಹಂಗ ಮಾಡೋ ಉದ್ದೇಶ ಇರಲಿಲ್ಲ” ಎಂದು ಒಟ್ಟಾರೆ ವಾದಕ್ಕೆ ಇಳಿಯುತ್ತಾರೆ. ನ್ಯಾಯಾಲಯ ಕೇಳುವ ಪ್ರಶ್ನೆ ಬೇರೆ: ಈ ಕಲಮಿಗೆ ಯಾವ ಮನಸ್ಥಿತಿ ಬೇಕು, ಅದನ್ನು ತೋರಿಸುವ ಹೊರಗಿನ ಸಂಗತಿ ಯಾವುದು? ಮುಂದಿನದೆಲ್ಲ ಆ ಎರಡು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಮೊದಲು ತಾರೀಖು, ಆಮೇಲೆ ಪೆನ್ಸಿಲ್

ಕೃತ್ಯ ನಡೆದ ತಾರೀಖು ನೋಡಿ. 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್. ಅದಕ್ಕೂ ಹಿಂದಿನದಾದರೆ 1860ರ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ. ಎಫ್‌ಐಆರ್ ಯಾವತ್ತು ಆಯಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. 2023ರ ವ್ಯವಹಾರಕ್ಕೆ 2025ರಲ್ಲಿ ಕೇಸಾದರೂ ಅಪರಾಧದ ಕಲಂ ಐಪಿಸಿಯದೇ. ಮನಸ್ಥಿತಿಯನ್ನು ಹೇಳುವ ಶಬ್ದಗಳು ಬಹುಪಾಲು ಹಾಗೇ ಉಳಿದಿವೆ, ಅಂಕಿ ಬದಲಾಗಿವೆ: 302 (ಕೊಲೆ) ಈಗ 103, 304 (ಕೊಲೆಯಲ್ಲದ ನರಹತ್ಯೆ) ಈಗ 105, 304-ಎ (ನಿರ್ಲಕ್ಷ್ಯದಿಂದ ಸಾವು) ಈಗ 106, 307 (ಕೊಲೆ ಯತ್ನ) ಈಗ 109, 323 (ಸಾದಾ ಗಾಯ) ಈಗ 115(2), 420 (ಮೋಸ) ಈಗ 318(4), 34 (ಸಮಾನ ಉದ್ದೇಶ) ಈಗ 3(5). ಹಳೆಯ ತೀರ್ಪುಗಳನ್ನು ಹೊಸ ಕಲಮಿಗೆ ಓದಿಕೊಳ್ಳಲು ಇದರಿಂದ ತೊಂದರೆ ಇಲ್ಲ, ಶಬ್ದ ಹೊಂದುತ್ತದೆಯೇ ಎಂದು ಒಮ್ಮೆ ತಾಳೆ ನೋಡಿದರೆ ಸಾಕು.

ಆಮೇಲೆ ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ತೆರೆದು, ಎಫ್‌ಐಆರ್‌ನಲ್ಲಿ ಕಾಣಿಸಿದ ಪ್ರತಿ ಕಲಂ ಓದಿ, ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಏನು ಮಾಡಿದ, ಅದರಿಂದ ಏನಾಯಿತು, ಯಾವ ಸನ್ನಿವೇಶ ಇರಬೇಕಿತ್ತು, ಯಾವ ಮನಸ್ಸಿನಿಂದ ಮಾಡಿರಬೇಕಿತ್ತು. ಮೂರನೆಯದನ್ನು ಬಹಳ ಮಂದಿ ಬಿಡುತ್ತಾರೆ. ಕಳವಿನ ಮಾಲು ಇಟ್ಟುಕೊಂಡ ಆರೋಪದಲ್ಲಿ (ಬಿಎನ್‌ಎಸ್ 317) ಮಾಲು ಕಳವಿನದ್ದಾಗಿರಬೇಕು ಎಂಬುದು ಸನ್ನಿವೇಶ. ಅದು ಕಳವಿನದ್ದೆಂದು ಗೊತ್ತಿತ್ತು, ಅಥವಾ ಹಾಗೆ ನಂಬಲು ಕಾರಣ ಇತ್ತು, ಜೊತೆಗೆ ಅಪ್ರಾಮಾಣಿಕವಾಗಿ ಇಟ್ಟುಕೊಂಡ ಎಂಬುದು ಮನಸ್ಸು. ಎರಡನ್ನೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕು.

ನಾಲ್ಕನೆಯ ಕಾಲಂನಲ್ಲಿ ಬರುವ ಶಬ್ದಗಳು ಹೆಚ್ಚಿಲ್ಲ. ಎಲ್ಲಕ್ಕಿಂತ ಮೇಲೆ ‘ಉದ್ದೇಶ’: ಆ ಪರಿಣಾಮವೇ ಬೇಕಾಗಿತ್ತು. ಅದರ ಕೆಳಗೆ ‘ತಿಳಿವಳಿಕೆ’: ಬೇಕಾಗಿರಲಿಲ್ಲ, ಆದರೆ ಹೀಗಾಗುವ ಸಂಭವ ಇದೆ ಎಂದು ಗೊತ್ತಿತ್ತು. ಅದರ ಕೆಳಗೆ ‘ನಂಬಲು ಕಾರಣ’: ಗೊತ್ತಿತ್ತು ಅನ್ನಲಾಗದು, ಆದರೆ ಹಾಗೆಂದು ನಂಬಲು ಸಾಕಷ್ಟು ಆಧಾರ ಕಣ್ಣೆದುರಿಗಿತ್ತು, ಕಲಂ 2(29) ಹೇಳುವುದು ಇದನ್ನೇ, ಬರೀ ಅನುಮಾನ ಸಾಲದು. ಕಡೆಗೆ ‘ದುಡುಕು ಅಥವಾ ನಿರ್ಲಕ್ಷ್ಯ’. ಇವುಗಳ ಜೊತೆಗೆ ಆಸ್ತಿ ಅಪರಾಧಗಳಲ್ಲಿ ‘ಅಪ್ರಾಮಾಣಿಕವಾಗಿ’ ಬರುತ್ತದೆ: ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ, 2(7). ಖೊಟ್ಟಿ ಕಾಗದದ ಕೇಸುಗಳಲ್ಲಿ ‘ಕಪಟದಿಂದ’, 2(9).

‘ಸ್ವಇಚ್ಛೆಯಿಂದ’ ಎಂಬಲ್ಲಿ ಎಡವದವರು ಕಡಿಮೆ. ಓದಿದ ಕೂಡಲೇ “ತಾನಾಗಿ, ಮನಸಾರೆ” ಅನ್ನಿಸುತ್ತದೆ. 2(33)ರಲ್ಲಿ ಅದರ ವ್ಯಾಪ್ತಿ ದೊಡ್ಡದು. ಆ ಪರಿಣಾಮ ಬೇಕೆಂದು ಮಾಡಿದ್ದೂ, ಆಗಬಹುದೆಂದು ಗೊತ್ತಿದ್ದು ಮಾಡಿದ್ದೂ, ಆಗಬಹುದೆಂದು ನಂಬಲು ಕಾರಣವಿದ್ದು ಮಾಡಿದ್ದೂ ಇದರೊಳಗೇ ಬರುತ್ತವೆ. 115(2)ರ ಕೇಸಿನಲ್ಲಿ “ನೂಕಿದೆ, ಬಿದ್ದು ಗಾಯ ಆಗಲಿ ಅಂತ ನೂಕಲಿಲ್ಲ” ಎಂಬ ಮಾತು ಅದಕ್ಕೇ ನಿಲ್ಲುವುದಿಲ್ಲ.

ಬದುವಿನ ಜಗಳ: ಒಂದೇ ಏಟು, ಐದು ಕಲಂ

ಹೊಲದ ಬದು ಒಡೆದ ವಿಷಯಕ್ಕೆ ಜಗಳ. ಕೈಯಲ್ಲಿ ಬಡಿಗೆ ಇತ್ತು, ತಲೆಗೆ ಒಂದು ಏಟು ಬಿತ್ತು. ಈ ಇಷ್ಟೇ ಸಂಗತಿ ಸಾದಾ ಗಾಯ 115(2), ತೀವ್ರ ಗಾಯ 117(2), ಕೊಲೆ ಯತ್ನ 109, ಸತ್ತರೆ 105 ಅಥವಾ 103 ಆಗಬಹುದು. ಶಿಕ್ಷೆ ಒಂದು ವರ್ಷದಿಂದ ಹಿಡಿದು ಗಲ್ಲಿನವರೆಗೆ ಹಿಗ್ಗುತ್ತದೆ. ಗಾಯ ಎಷ್ಟು ದೊಡ್ಡದು ಎಂಬುದು ಒಂದು ಅಳತೆ, ಮನಸ್ಸು ಇನ್ನೊಂದು. ಎರಡನ್ನೂ ಬೆರೆಸಬಾರದು.

ತೀವ್ರ ಗಾಯದ ಪಟ್ಟಿ ಕಲಂ 116ರಲ್ಲಿದೆ. ಮೂಳೆ ಮುರಿತ, ಹಲ್ಲು ಬೀಳುವುದು, ಜೀವಕ್ಕೆ ಅಪಾಯವಾಗುವ ಗಾಯ, 15 ದಿನ ತೀವ್ರ ನೋವಿನಲ್ಲಿರುವುದು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿರುವುದು (ಐಪಿಸಿಯಲ್ಲಿ ಇದು 20 ದಿನ ಇತ್ತು) ಇತ್ಯಾದಿ. ವೂಂಡ್ ಸರ್ಟಿಫಿಕೇಟಿನಲ್ಲಿ (ಡಾಕ್ಟರು ಕೊಡುವ ಗಾಯದ ಪ್ರಮಾಣಪತ್ರ) ‘ತೀವ್ರ’ ಎಂದಿದ್ದರೆ ಆರೋಪಿಯ ಕಡೆಯವರು ಕೈಚೆಲ್ಲುವುದುಂಟು. ಆದರೆ 117ರ ವಿವರಣೆ ಓದಿ: ತೀವ್ರ ಗಾಯ ಆಗಿದ್ದಷ್ಟೇ ಸಾಲದು, ತೀವ್ರ ಗಾಯವನ್ನೇ ಮಾಡುವ ಉದ್ದೇಶ ಅಥವಾ ಆಗಬಹುದೆಂಬ ತಿಳಿವಳಿಕೆಯೂ ಇರಬೇಕು. ಕಪಾಳಕ್ಕೆ ಹೊಡೆದಾಗ ಕಾಲು ಜಾರಿ ಬಿದ್ದು ಕೈ ಮುರಿದರೆ ಗಾಯ ತೀವ್ರ, ಮನಸ್ಸು ಸಾದಾ. ಅಲ್ಲಿ 117 ಬೇಡವೆಂದು ವಾದಿಸಲು ಜಾಗ ಇದೆ. ಅದೇ, ಕೈ ಮುರಿಯಲು ಹೋಗಿ ಕಾಲು ಮುರಿದರೆ ಜಾಗ ಇಲ್ಲ. ಒಂದು ಬಗೆಯ ತೀವ್ರ ಗಾಯ ಬಯಸಿ ಇನ್ನೊಂದು ಬಗೆಯದು ಆದರೂ 117ಕ್ಕೆ ಸಾಕು ಎಂದು ಅದೇ ವಿವರಣೆ ಹೇಳುತ್ತದೆ.

ಕಲಂ 109ರಲ್ಲಿ ಇದು ತಿರುವುಮುರುವು. ಗಾಯವೇ ಆಗದೆ ಕೊಲೆ ಯತ್ನ ಸಾಬೀತಾಗಬಹುದು, ಆಗಿದ್ದರೆ ಶಿಕ್ಷೆ ಹೆಚ್ಚುತ್ತದೆ ಅಷ್ಟೆ. 1983ರಲ್ಲಿ ಬಲರಾಮ್ ಬಾಮಾ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹಾಗಾಗಿ “ಗಾಯ ಸಾದಾ ಅಂತ ಡಾಕ್ಟರ್ ಬರೆದಾರ, 109 ಹೆಂಗ ಹಾಕಿದ್ರಿ” ಎಂಬ ವಾದ ಒಂಟಿಯಾಗಿ ನಿಲ್ಲದು. ಉದ್ದೇಶವನ್ನು ಊಹಿಸಲು ನ್ಯಾಯಾಲಯ ನೋಡುವುದು ಇವನ್ನು: ಆಯುಧ ಯಾವುದು, ಅದನ್ನು ಮನೆಯಿಂದ ತಂದಿದ್ದೋ ಸ್ಥಳದಲ್ಲೇ ಸಿಕ್ಕಿದ್ದೋ, ಏಟು ದೇಹದ ಯಾವ ಭಾಗಕ್ಕೆ, ಎಷ್ಟು ಬಲದಿಂದ, ಎಷ್ಟು ಸಲ, ಬಿದ್ದ ಮೇಲೂ ಹೊಡೆದನೋ, ಇನ್ನೊಂದು ಏಟು ಹಾಕಲು ಅವಕಾಶವಿದ್ದೂ ನಿಲ್ಲಿಸಿದನೋ, ಆಮೇಲೆ ಓಡಿದನೋ ಟಂಟಂ ಕರೆಸಿ ದವಾಖಾನೆಗೆ ಒಯ್ದನೋ.

ಇದನ್ನು ಕಾಗದದಲ್ಲಿ ಹೀಗೆ ಹುಡುಕಿ. ಫಿರ್ಯಾದು, ಗಾಯಾಳುವಿನ ಹೇಳಿಕೆ, ದವಾಖಾನೆಯ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸು) ದಾಖಲೆ, ವೂಂಡ್ ಸರ್ಟಿಫಿಕೇಟ್, ಸ್ಥಳ ಪಂಚನಾಮೆ, ಆಯುಧದ ಜಪ್ತಿ ಪಂಚನಾಮೆ, ಈ ಆರನ್ನು ಪಕ್ಕಪಕ್ಕ ಇಡಿ. ಎಂಎಲ್‌ಸಿಯಲ್ಲಿ ಡಾಕ್ಟರು ಬರೆದುಕೊಂಡ ಮೊದಲ ಮಾಹಿತಿಗೆ ತೂಕ ಜಾಸ್ತಿ, ಯಾಕೆಂದರೆ ಅದು ಬಹಳ ಸಲ ಎಫ್‌ಐಆರ್‌ಗಿಂತ ಮೊದಲಿನದು. ಅಲ್ಲಿ “ಜಗಳದಲ್ಲಿ ಬಿದ್ದು ಪೆಟ್ಟಾಗಿದೆ” ಎಂದಿದ್ದು, ಎಫ್‌ಐಆರ್‌ನಲ್ಲಿ “ಕೊಲೆ ಮಾಡುವ ಉದ್ದೇಶದಿಂದ ಕೊಡಲಿಯ ತುಂಬಿನಿಂದ” ಎಂದಾಗಿದ್ದರೆ, ನಡುವಿನ ಗಂಟೆಗಳಲ್ಲಿ ಕಥೆ ಬೆಳೆದಿದೆ ಎಂದು ತೋರಿಸಲು ಅದೊಂದೇ ಸಾಕಾಗಬಹುದು. ಕೊಡಲಿಯ ಬಾಯಿಯ ಕಡೆಯಿಂದ ಹೊಡೆದನೋ ತುಂಬಿನ (ಹಿಂಬದಿಯ) ಕಡೆಯಿಂದಲೋ ಎಂಬುದೂ ಸಣ್ಣ ವಿಷಯ ಅಲ್ಲ. ಬಾಯಿಯಿಂದ ಹೊಡೆಯಬಹುದಾಗಿದ್ದೂ ತುಂಬು ತಿರುಗಿಸಿ ಹೊಡೆದವನ ಮನಸ್ಸು ಬೇರೆ ಎಂಬ ವಾದಕ್ಕೆ ಅದು ಬುನಾದಿ. ಗಾಯದ ಅಂಚು ಸೀಳಿದ್ದೋ ಜಜ್ಜಿದ್ದೋ ಎಂದು ಸರ್ಟಿಫಿಕೇಟಿನಲ್ಲಿ ನೋಡಿ ತಾಳೆ ಹಾಕಿ.

ಸಾವು ಆಗಿದ್ದರೆ ಕಲಂ 100 (ನರಹತ್ಯೆ) ಮತ್ತು 101 (ಕೊಲೆ) ಒಟ್ಟಿಗೆ ಓದಬೇಕು. ಎಲ್ಲರೂ ಮುಗ್ಗರಿಸುವುದು 101ರ ಮೂರನೇ ಖಂಡದಲ್ಲಿ. “ಕೊಲ್ಲುವ ಉದ್ದೇಶ ಇರಲಿಲ್ಲ, ಆದ್ದರಿಂದ ಕೊಲೆ ಅಲ್ಲ” ಎಂಬುದು ತಪ್ಪು. 1958ರ ವಿರ್ಸಾ ಸಿಂಗ್ ತೀರ್ಪಿನ ಪ್ರಕಾರ ಅಭಿಯೋಜನೆ (ಸರ್ಕಾರದ ಕಡೆಯವರು) ತೋರಿಸಬೇಕಾದ್ದು ನಾಲ್ಕು:

1. ದೇಹದಲ್ಲಿ ಗಾಯ ಇದೆ.
2. ಆ ಗಾಯ ಯಾವ ಬಗೆಯದು, ಎಷ್ಟು ಆಳದ್ದು.
3. ಅದೇ ಗಾಯವನ್ನು ಮಾಡುವ ಉದ್ದೇಶ ಇತ್ತು. ಆಕಸ್ಮಿಕವಾಗಿ ಆದದ್ದಲ್ಲ, ಬೇರೆ ಗಾಯ ಮಾಡಲು ಹೋಗಿ ಆದದ್ದಲ್ಲ.
4. ಸಾಮಾನ್ಯವಾಗಿ ಆ ಗಾಯ ಸಾವಿಗೆ ಸಾಕು.

ನಾಲ್ಕನೆಯದರಲ್ಲಿ ಆರೋಪಿಯ ಮನಸ್ಸಿಗೆ ಜಾಗವೇ ಇಲ್ಲ, ಅದು ಡಾಕ್ಟರ ಸಾಕ್ಷ್ಯದ ಮಾತು. ಮನಸ್ಸು ಇರುವುದು ಮೂರನೆಯದರಲ್ಲಿ ಮಾತ್ರ. ಆದ್ದರಿಂದ ರಕ್ಷಣೆ ಕಡೆಯವರು ಮರಣೋತ್ತರ ವರದಿ ಬರೆದ ಡಾಕ್ಟರಿಗೆ “ಸಾವಿಗೆ ಸಾಕೇ?” ಎಂದು ಕೇಳಿ ಕೂತರೆ ಅಭಿಯೋಜನೆಯ ಕೆಲಸ ತಾವೇ ಮಾಡಿಕೊಟ್ಟಂತೆ. ಕೇಳಬೇಕಾದ್ದು ಏಟು ಬಿದ್ದ ಗಳಿಗೆಯ ಬಗ್ಗೆ: ಇಬ್ಬರೂ ಜಗ್ಗಾಡುತ್ತಿದ್ದರೇ, ಗಾಯಾಳು ಬಗ್ಗಿದನೇ, ಗುರಿ ತೋಳೇ ತಲೆಯೇ. ಇದನ್ನು ಕಣ್ಣಾರೆ ಕಂಡ ಸಾಕ್ಷಿಯ ಪಾಟೀ ಸವಾಲಿನಲ್ಲಿ ಕೇಳಬೇಕು.

ಮೂರನೆಯದು ಬಿದ್ದರೆ ಕೇಸು 105ಕ್ಕೆ ಇಳಿಯಬಹುದು. ಪೂರ್ವಯೋಜನೆ ಇಲ್ಲದ ಹಠಾತ್ ಜಗಳ, ಕಾದ ನೆತ್ತರು, ಅನುಚಿತ ಲಾಭ ಪಡೆದಿಲ್ಲ, ಕ್ರೂರವಾಗಿ ನಡೆದಿಲ್ಲ ಎಂಬ 101ರ ನಾಲ್ಕನೇ ವಿನಾಯಿತಿಯಿಂದಲೂ ಅಲ್ಲಿಗೇ ಬರಬಹುದು. 105ರಲ್ಲೂ ಎರಡು ಭಾಗ. ಸಾವನ್ನು, ಅಥವಾ ಸಾವು ತರಬಹುದಾದ ಗಾಯವನ್ನು ಉದ್ದೇಶಿಸಿದ್ದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಬರೀ ತಿಳಿವಳಿಕೆ ಇದ್ದರೆ 10 ವರ್ಷದವರೆಗೆ, ಕೆಳಮಿತಿ ಇಲ್ಲ. ಐಪಿಸಿಯಲ್ಲಿ ಆ 5 ವರ್ಷದ ಕೆಳಮಿತಿ ಇರಲಿಲ್ಲ. ಹೀಗಾಗಿ ‘ಉದ್ದೇಶ’, ‘ತಿಳಿವಳಿಕೆ’ ಎಂಬ ವ್ಯತ್ಯಾಸ ಈಗ ಶಿಕ್ಷೆಯ ದಿನ ನೇರವಾಗಿ ಕಾಡುತ್ತದೆ.

ಒಬ್ಬನಿಗೆ ಬೀಸಿದ ಏಟು ಬಿಡಿಸಲು ಬಂದವನಿಗೆ ಬಿದ್ದು ಅವನು ಸತ್ತರೆ? ಕಲಂ 102 ಇದೆ: ಮನಸ್ಸು ಯಾರ ಮೇಲಿತ್ತೋ ಅವನೇ ಸತ್ತಿದ್ದರೆ ಯಾವ ಅಪರಾಧವೋ, ಇದೂ ಅದೇ.

ಬೆದರಿಕೆಯ 351ಕ್ಕೂ ಒಂದು ಮಾತು. “ನಿನ್ನ ಜೀವಂತ ಬಿಡೂದಿಲ್ಲ ಮಗನ” ಎಂದು ಸಿಟ್ಟಿನಲ್ಲಿ ಅಂದದ್ದೆಲ್ಲ ಅಪರಾಧವಾಗಿದ್ದರೆ ನಮ್ಮ ಕಡೆ ಸಂತೆಯ ದಿನ ಠಾಣೆ ಸಾಲುತ್ತಿರಲಿಲ್ಲ. ಎದುರಿನವನಲ್ಲಿ ಭೀತಿ ಹುಟ್ಟಿಸುವ, ಅಥವಾ ಅವನಿಂದ ಏನಾದರೂ ಮಾಡಿಸುವ ಇಲ್ಲವೇ ಬಿಡಿಸುವ ಉದ್ದೇಶ ಇರಬೇಕು. ಬರೀ ಮಾತು ಆಡಿದ್ದು ಸಾಲದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋದ ಮಾಣಿಕ್ ತನೇಜಾ ಪ್ರಕರಣದಲ್ಲಿ ಹೇಳಿದೆ. ಬೆದರಿಕೆಯ ನಂತರ ಫಿರ್ಯಾದಿ ಏನು ಮಾಡಿದ ಎಂದು ನೋಡಿ. ಹೊಲಕ್ಕೆ ಹೋಗುವುದು ಬಿಟ್ಟನೇ, ರಾಜಿ ಪತ್ರಕ್ಕೆ ಸಹಿ ಹಾಕಿದನೇ? ಮರುದಿನ ಎಂದಿನಂತೆ ಕುಂಟೆ ಹೊಡೆದಿದ್ದರೆ 351 ಸೊರಗುತ್ತದೆ.

ಗುಂಪಿನಲ್ಲಿ ಹೆಸರು ಬಂದಾಗ

ಒಬ್ಬ ಹೊಡೆದ, ಮನೆಮಂದಿಯೆಲ್ಲ ಆರೋಪಿಗಳು. ಇಬ್ಬರಿಂದ ನಾಲ್ವರಿದ್ದರೆ ಸಾಮಾನ್ಯವಾಗಿ 3(5), ಐವರು ಅಥವಾ ಹೆಚ್ಚಿದ್ದರೆ 190 (ಅಕ್ರಮ ಕೂಟ) ಹಾಕುತ್ತಾರೆ. 3(5)ಕ್ಕೆ ಸಮಾನ ಉದ್ದೇಶ ಬೇಕು, ಅಂದರೆ ಮನಸ್ಸುಗಳು ಮೊದಲೇ ಕೂಡಿರಬೇಕು. ಅದು ಸ್ಥಳದಲ್ಲೇ ಕ್ಷಣಾರ್ಧದಲ್ಲಿ ಕೂಡಲೂಬಹುದು. ಆದರೆ ಪ್ರತಿಯೊಬ್ಬನಿಗೂ ಬಿಡಿಬಿಡಿಯಾಗಿ ಅಂಥದೇ ಉದ್ದೇಶ ಇದ್ದರೆ ಸಾಲದು ಎಂದು 1945ರಲ್ಲೇ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯ ಪ್ರಿವಿ ಕೌನ್ಸಿಲ್ ಮೆಹಬೂಬ್ ಷಾ ಪ್ರಕರಣದಲ್ಲಿ ಗೆರೆ ಎಳೆದಿದೆ. 190ಕ್ಕೆ ಉದ್ದೇಶ ಕೂಡಿರಬೇಕಿಲ್ಲ. ಗುಂಪಿನ ಗುರಿ ಒಂದಾಗಿದ್ದು, ಅದರ ಸಾಧನೆಗಾಗಿ ಇಂಥ ಅಪರಾಧ ನಡೆಯುವ ಸಂಭವ ಸದಸ್ಯನಿಗೆ ಗೊತ್ತಿದ್ದರೆ ಆಯಿತು. ಆದ್ದರಿಂದ 190 ಹೆಚ್ಚು ಅಪಾಯದ್ದು, ಐದರ ಲೆಕ್ಕ ಮೊದಲು ಪರೀಕ್ಷಿಸಿ. ಇನ್ನು 3(5)ರಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ: ಜೊತೆಗೆ ಬಂದನೇ, ಕೈಯಲ್ಲಿ ಏನಿತ್ತು, “ಬಿಡಬ್ಯಾಡ್ರಿ ಅವನ್ನ, ಹೊಡೀರಿ” ಅಂದವನು ಯಾರು, ಹಿಡಿದುಕೊಂಡವನು ಹೊಡೆಸಲು ಹಿಡಿದನೋ ಬಿಡಿಸಲು ಹಿಡಿದನೋ. ಆ ಖಾನೆ ಖಾಲಿ ಉಳಿದ ಹೆಣ್ಣುಮಕ್ಕಳು, ಮುದುಕರ ಹೆಸರುಗಳೇ ಮೊದಲು ಕಳಚಿಕೊಳ್ಳುವುದು.

ರೊಕ್ಕದ ಕೇಸು: ಮೋಸವೋ, ಕೊಡದೆ ಉಳಿದ ಬಾಕಿಯೋ

ಅಮರಗೋಳದ ಎಪಿಎಂಸಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಮಾಲು ಕೊಟ್ಟ ರೈತನಿಗೆ ರೊಕ್ಕ ಬರಲಿಲ್ಲ ಎಂದರೆ ಮೊದಲು ನೆನಪಾಗುವುದು ಇನ್ನೂ ‘ಫೋರ್‌ಟ್ವೆಂಟಿ’ಯೇ. 318ರ ಮೋಸಕ್ಕೆ ಬೇಕಾದ ಮನಸ್ಸು ಆರಂಭದಲ್ಲೇ, ಮಾಲು ಕೈ ಬದಲಾಗುವ ಮೊದಲೇ ಇರಬೇಕು. ಮಾತು ಕೊಟ್ಟಾಗ ಪ್ರಾಮಾಣಿಕನಾಗಿದ್ದು ಆಮೇಲೆ ದರ ಬಿದ್ದು ಕೈಕಟ್ಟಿದರೆ ಅದು ದಿವಾಣಿ (ಸಿವಿಲ್) ದಾವೆಯ ವಿಷಯ. 2000ದ ಹೃದಯ ರಂಜನ್ ಪ್ರಸಾದ್ ವರ್ಮಾ ತೀರ್ಪು ಇದಕ್ಕೆ ಎಲ್ಲರೂ ತೋರಿಸುವ ಆಧಾರ. ನಂಬಿಕೆದ್ರೋಹ, ಅಂದರೆ 316, ಇದಕ್ಕೆ ತದ್ವಿರುದ್ಧ: ಮಾಲು ಕಾನೂನುಬದ್ಧವಾಗಿಯೇ ಕೈಗೆ ಬಂತು, ಅಪ್ರಾಮಾಣಿಕತೆ ಆಮೇಲೆ ಹುಟ್ಟಿತು. ಒಂದೇ ಸಂಗತಿಗೆ ಎರಡೂ ಒಟ್ಟಿಗೆ ನಿಲ್ಲಲಾರವು ಎಂದು 2024ರ ಆಗಸ್ಟ್‌ನಲ್ಲಿ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾರವಾಗಿಯೇ ಹೇಳಿತು. ಆದರೂ ಎಫ್‌ಐಆರ್‌ಗಳಲ್ಲಿ 316, 318 ಜೋಡೆತ್ತಿನಂತೆ ಬರುತ್ತಲೇ ಇವೆ.

ಆದ್ದರಿಂದ ಇಂಥ ಕೇಸಿನಲ್ಲಿ ತಾರೀಖಿನ ಪಟ್ಟಿಯೇ ಅರ್ಧ ಕೆಲಸ. ಎಡಕ್ಕೆ ದಿನಾಂಕ, ಬಲಕ್ಕೆ ಅವತ್ತು ಆರೋಪಿಗೆ ಏನು ಗೊತ್ತಿತ್ತು, ಏನು ಹೇಳಿದ. ಫಿರ್ಯಾದಿ ಕಡೆಯವರಾದರೆ ಹುಡುಕಬೇಕಾದ್ದು ಮೊದಲ ದಿನಕ್ಕಿಂತ ಹಿಂದಿನ ಸಂಗತಿ: ಅಷ್ಟೊತ್ತಿಗೆ ಲೈಸೆನ್ಸ್ ರದ್ದಾಗಿತ್ತೇ, ಇದೇ ರೀತಿ ಹತ್ತು ರೈತರ ರೊಕ್ಕ ಉಳಿದಿತ್ತೇ, ಸುಳ್ಳು ಹೆಸರಿನ ಪಟ್ಟಿ (ಲೆಕ್ಕದ ಚೀಟಿ) ಕೊಟ್ಟನೇ, ಇಲ್ಲದ ಗೋದಾಮು ತೋರಿಸಿದನೇ. ಒಂದೇ ತೆರನ ಕೃತ್ಯಗಳ ಸರಣಿ ಇದ್ದರೆ ಅದು ಆಕಸ್ಮಿಕವಲ್ಲ ಎಂದು ತೋರಿಸಲು ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 13 ದಾರಿ ಕೊಡುತ್ತದೆ, ಮನಸ್ಥಿತಿ ತೋರಿಸುವ ಸಂಗತಿಗಳಿಗೆ ಕಲಂ 12. ಆರೋಪಿ ಕಡೆಯವರಾದರೆ ಭಾಗಶಃ ಪಾವತಿ, ಹಿಂದಿನ ವರ್ಷಗಳ ಸರಿಯಾದ ಲೆಕ್ಕ, ಬಾಕಿ ಒಪ್ಪಿಕೊಂಡ ವಾಟ್ಸಾಪ್ ಸಂದೇಶ ತೆಗೆಯಿರಿ. ವಾಟ್ಸಾಪ್ ಹಾಜರುಪಡಿಸುವಾಗ ಕಲಂ 63(4)ರ ಪ್ರಮಾಣಪತ್ರ, ಎ ಮತ್ತು ಬಿ ಎರಡೂ ಭಾಗ, ತಪ್ಪದೆ ಇರಲಿ. ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ಕೊಟ್ಟರೆ ಮುಗಿಯುವುದಿಲ್ಲ.

ಚೆಕ್ಕಿನ ಕೇಸನ್ನು ಇದರ ಜೊತೆ ಕಲಸಬೇಡಿ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ಕ್ಕೆ ಮೋಸದ ಮನಸ್ಸು ಬೇಕಿಲ್ಲ. ಚೆಕ್ ಕೊಟ್ಟಾಗ ಅದು ವಾಪಸಾಗುತ್ತದೆ ಎಂದು ನಂಬಲು ಕಾರಣ ಇರಲಿಲ್ಲ ಎಂಬ ರಕ್ಷಣೆಯನ್ನೇ ಕಲಂ 140 ಮುಚ್ಚಿಹಾಕಿದೆ. ಅಲ್ಲಿ ಕೇಸು ಬೀಳುವುದು ದಿನದ ಲೆಕ್ಕದಲ್ಲಿ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ 15 ದಿನದೊಳಗೆ ಪಾವತಿ ಇಲ್ಲದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು.

ಕಳವಿನಲ್ಲೂ ‘ಅಪ್ರಾಮಾಣಿಕವಾಗಿ’ ಎಂಬುದೇ ಗಂಟು. ತಕರಾರಿನ ಹೊಲದಲ್ಲಿ ಗೋವಿನಜೋಳ ಕೊಯ್ದುಕೊಂಡು ಹೋದವನು ನಿಜವಾಗಿಯೂ ಅದು ತನ್ನದೆಂದು ನಂಬಿದ್ದರೆ, ಆ ನಂಬಿಕೆ ಕಾನೂನಿನಲ್ಲಿ ತಪ್ಪಾಗಿದ್ದರೂ, 303 ನಿಲ್ಲದು. ಕೆರೆಯ ಮೀನು ಹಿಡಿದ ಪ್ರಕರಣವೊಂದರಲ್ಲಿ (ಚಂಡಿ ಕುಮಾರ್, 1965) ಸುಪ್ರೀಂ ಕೋರ್ಟ್ ಹೀಗೇ ಬಿಡುಗಡೆ ಮಾಡಿತು. ನಂಬಿಕೆ ನಿಜವಾದದ್ದು ಎಂದು ತೋರಿಸಲು ಪಹಣಿ, ಬಿತ್ತಿದ ಖರ್ಚಿನ ಚೀಟಿ, ನಡೆಯುತ್ತಿರುವ ದಾವೆಯ ನಂಬರು ಬೇಕು. ರಾತ್ರೋರಾತ್ರಿ ಕೊಯ್ದಿದ್ದರೆ ಆ ನಂಬಿಕೆಯ ಮಾತು ಯಾರೂ ಕೇಳುವುದಿಲ್ಲ, ಹಗಲು ನಾಲ್ಕು ಮಂದಿ ಎದುರು ಕೊಯ್ದಿದ್ದರೆ ಕೇಳುತ್ತಾರೆ.

ಅತಿಕ್ರಮ ಪ್ರವೇಶವೂ (329) ಅಂಥದ್ದೇ. ಅಪರಾಧ ಮಾಡುವ, ಹೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶ ಬೇಕು. ಒಳಗೆ ಹೋದರೆ ಅವರಿಗೆ ಕಿರಿಕಿರಿ ಆಗುತ್ತದೆ ಎಂದು ಗೊತ್ತಿದ್ದಷ್ಟೇ ಸಾಲದು ಎಂದು 1964ರ ಮಥ್ರಿ ತೀರ್ಪು.

ಬೇಲಿಗೆ ಕರೆಂಟು

ಹಾನಗಲ್, ಶಿಗ್ಗಾಂವಿ ಕಡೆ ಹಂದಿ ಕಾಟಕ್ಕೆ ಹೊಲದ ಬೇಲಿಗೆ ನೇರ ಲೈನಿನಿಂದ ಕರೆಂಟು ಕೊಟ್ಟು ಅದಕ್ಕೆ ಮನುಷ್ಯ ಸಿಕ್ಕರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಹಳೆಯದು. ಬಿಹಾರದ ಚೆರುಬಿನ್ ಗ್ರೆಗರಿ ಎಂಬಾತ ತನ್ನ ಪಾಯಿಖಾನೆಯೊಳಗೆ ನೆರೆಯವರು ಬಾರದಂತೆ ಕರೆಂಟಿನ ತಂತಿ ಬಿಟ್ಟಿದ್ದ, ನೆರೆಮನೆಯ ಹೆಣ್ಣುಮಗಳು ಸತ್ತಳು. ಅವಳು ಅತಿಕ್ರಮ ಪ್ರವೇಶ ಮಾಡಿದ್ದಳು ಎಂಬ ವಾದ 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ, 304-ಎ ಅಡಿಯ ಶಿಕ್ಷೆ ಉಳಿಯಿತು. ಈಗ ಅದು 106(1), ಐದು ವರ್ಷದವರೆಗೆ. “ನನ್ನ ಹೊಲ, ನನ್ನ ಬೇಲಿ” ಎಂಬುದು ರಕ್ಷಣೆಯೇ ಅಲ್ಲ.

ಇಲ್ಲಿ ಗಮನಿಸಬೇಕಾದ್ದು 106ರಿಂದ 105ಕ್ಕೆ ಏರುವ ಅಪಾಯ. ಆ ದಾರಿಯಲ್ಲಿ ದಿನಾ ಮಂದಿ ಓಡಾಡುತ್ತಾರೆಂದು ಗೊತ್ತಿತ್ತು, ಬೋರ್ಡು ಇಲ್ಲ, ಹಗಲೂ ಕರೆಂಟು ಬಿಟ್ಟಿದ್ದ, ಹಿಂದೆ ಒಮ್ಮೆ ದನ ಸತ್ತಿತ್ತು. ಇಂಥವು ಕೂಡಿದರೆ ನಿರ್ಲಕ್ಷ್ಯದ ಮಾತು ಹೋಗಿ ‘ಸಾವು ಆಗಬಹುದೆಂಬ ತಿಳಿವಳಿಕೆ’ ಆಗುತ್ತದೆ. ಕುಡಿದು ವಾಹನ ಓಡಿಸಿ ಫುಟ್‌ಪಾತಿನ ಮೇಲೆ ಮಲಗಿದ್ದ ಏಳು ಮಂದಿಯ ಸಾವಿಗೆ ಕಾರಣನಾದವನಿಗೆ 304ರ ಎರಡನೇ ಭಾಗ ಹಚ್ಚಿದ್ದನ್ನು 2012ರಲ್ಲಿ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ತರ್ಕದಿಂದ. ಕಂಬದಿಂದ ಕೊಂಡಿ ಹಾಕಿದ್ದರೆ ವಿದ್ಯುತ್ ಕಾಯ್ದೆ 2003ರ ಕಲಂ 135 (ವಿದ್ಯುತ್ ಕಳವು) ಬೇರೆ. ಅದರಲ್ಲೂ ‘ಅಪ್ರಾಮಾಣಿಕವಾಗಿ’ ಎಂಬ ಶಬ್ದ ಇದೆ, ಆದರೆ ಕೃತಕ ಸಾಧನ ಸಿಕ್ಕರೆ ಅಪ್ರಾಮಾಣಿಕತೆಯನ್ನು ಊಹಿಸಲಾಗುತ್ತದೆ, ಸುಳ್ಳೆಂದು ತೋರಿಸುವ ಭಾರ ಬಳಸಿದವನ ಮೇಲೆ.

ವೈದ್ಯರ ಮೇಲಿನ ಕೇಸಿನಲ್ಲಿ ಸಾದಾ ಎಡವಟ್ಟು ಸಾಲದು, ಘೋರ ನಿರ್ಲಕ್ಷ್ಯ ಬೇಕು: ಜೇಕಬ್ ಮ್ಯಾಥ್ಯೂ, 2005.

ಮನಸ್ಸು ಕೇಳದ ಕಾಯ್ದೆಗಳು

ಕಲಮಿನಲ್ಲಿ ಮನಸ್ಸಿನ ಶಬ್ದವೇ ಕಾಣದಿದ್ದರೆ ಎರಡು ಸಾಧ್ಯತೆ. ಶಾಸನಸಭೆ ಬೇಕೆಂದೇ ಬಿಟ್ಟಿರಬಹುದು, ಅಥವಾ ಹೇಳದಿದ್ದರೂ ಅಪರಾಧಿಕ ಮನಸ್ಸು ಬೇಕೆಂದು ನ್ಯಾಯಾಲಯ ಓದಿಕೊಳ್ಳಬಹುದು. ಎರಡಕ್ಕೂ ಒಂದೇ ಕಾಲದ ತೀರ್ಪುಗಳಿವೆ. ಜೂರಿಕ್‌ನಿಂದ ಮನಿಲಾಕ್ಕೆ ಹೋಗುತ್ತಿದ್ದ ಜಾರ್ಜ್ ಎಂಬ ಪ್ರಯಾಣಿಕನ ಜಾಕೀಟಿನಲ್ಲಿ 1962ರ ನವೆಂಬರಿನಲ್ಲಿ ಮುಂಬಯಿಯಲ್ಲಿ 34 ಕಿಲೊ ಬಂಗಾರ ಸಿಕ್ಕಿತು. ನಾಲ್ಕೇ ದಿನ ಹಿಂದೆ ಗೆಜೆಟ್ಟಿನಲ್ಲಿ ಬಂದ, ಬಂಗಾರ ತರುವುದರ ಮೇಲೆ ನಿರ್ಬಂಧ ಹಾಕಿದ ಅಧಿಸೂಚನೆ ತನಗೆ ಗೊತ್ತಿರಲಿಲ್ಲ ಎಂದ. ಸುಪ್ರೀಂ ಕೋರ್ಟಿನ ಬಹುಮತ ಒಪ್ಪಲಿಲ್ಲ. ಅತ್ತ ಮಧ್ಯಪ್ರದೇಶದ ಧಾನ್ಯ ವ್ಯಾಪಾರಿ ನಾಥೂಲಾಲ್ ಲೈಸೆನ್ಸಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಬಂದೇ ಬರುತ್ತದೆಂಬ ನಂಬಿಕೆಯಲ್ಲಿ ದಾಸ್ತಾನು ಮಾಡಿದ್ದ, ಅವನನ್ನು ಬಿಟ್ಟಿತು. ಆದರೆ ಅಗತ್ಯ ವಸ್ತುಗಳ ಕಾಯ್ದೆಗೆ ಆಮೇಲೆ 10-ಸಿ ಸೇರಿ, ಈಗ ಅಪರಾಧಿಕ ಮನಸ್ಥಿತಿ ಇದೆಯೆಂದೇ ಊಹೆ. ನಾಥೂಲಾಲ್ ತೀರ್ಪು ಎತ್ತುವ ಮೊದಲು ಇದನ್ನು ನೋಡದಿದ್ದರೆ ಎದುರಿನವರು ನೋಡಿಯೇ ಬಂದಿರುತ್ತಾರೆ.

ಎನ್‌ಡಿಪಿಎಸ್ (ಮಾದಕ ವಸ್ತು ಕಾಯ್ದೆ) ಕಲಂ 35, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಕಲಂ 30 ಕೂಡ ಅಷ್ಟೇ ಬಿಗಿ. ಮನಸ್ಥಿತಿ ಇರಲಿಲ್ಲ ಎಂಬುದನ್ನು ಆರೋಪಿಯೇ, ಅದೂ ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಆಹಾರ ಸುರಕ್ಷತಾ ಕಾಯ್ದೆ 2006ರಲ್ಲಿ, ಮೆಣಸಿನಪುಡಿಯಲ್ಲಿ ಬಣ್ಣ ಸಿಕ್ಕಾಗ “ನನಗೆ ಗೊತ್ತಿರಲಿಲ್ಲ, ನಂಬಿ ತೊಗೊಂಡೆ” ಎಂಬ ಪ್ರಾಮಾಣಿಕ ತಪ್ಪುನಂಬಿಕೆ ರಕ್ಷಣೆಯಾಗದು ಎಂದು ಕಲಂ 80 ಬಿಚ್ಚಿ ಹೇಳಿದೆ. ಅದೇ ಕಲಂ ತೆರೆದಿಟ್ಟ ಬಾಗಿಲು ‘ತಕ್ಕ ಎಚ್ಚರಿಕೆ’: ಖರೀದಿ ಬಿಲ್ಲು, ಲಾಟ್ ನಂಬರು, ಪೂರೈಕೆದಾರನ ಅಥವಾ ತನ್ನದೇ ತಪಾಸಣೆಯ ದಾಖಲೆ. ಇವು ಕೇಸಾದ ಮೇಲೆ ಹುಟ್ಟಿಸುವ ಕಾಗದಗಳಲ್ಲ.

“ಕುಡಿದಿದ್ದೆ”, “ತಿಳೀಲಿಲ್ಲ”

ತಾನಾಗಿ ಕುಡಿದವನಿಗೆ ಕಲಂ 24 ಹೆಚ್ಚು ಸಹಾಯ ಮಾಡದು. ಕುಡಿಯದಿದ್ದರೆ ಇರುತ್ತಿದ್ದ ತಿಳಿವಳಿಕೆಯನ್ನೇ ಅವನಿಗೆ ಆರೋಪಿಸಲಾಗುತ್ತದೆ. ಉದ್ದೇಶವನ್ನು ಹಾಗೆ ತಾನಾಗಿ ಆರೋಪಿಸುವುದಿಲ್ಲ, ಸಂಗತಿಗಳಿಂದ ಊಹಿಸುತ್ತಾರೆ. 1956ರ ಬಾಸುದೇವ್ ಪ್ರಕರಣದಲ್ಲಿ ಮದುವೆ ಊಟಕ್ಕೆ ಬಂದ ನಿವೃತ್ತ ಸೈನಿಕ ಜಾಗ ಬಿಡದ ಹುಡುಗನಿಗೆ ಗುಂಡು ಹೊಡೆದಿದ್ದ. ಕುಡಿದಿದ್ದರೂ ನಡೆದಾಡುತ್ತಿದ್ದ, ಮಾತಾಡುತ್ತಿದ್ದ ಎಂಬುದರಿಂದಲೇ ಕೊಲೆ ಉಳಿಯಿತು. ಅಮಲು ಎಷ್ಟಿತ್ತು ಎಂಬ ಸಾಕ್ಷ್ಯ ಎರಡು ಅಲಗಿನ ಕತ್ತಿ.

ಸಂಗತಿಯ ತಪ್ಪುತಿಳಿವಳಿಕೆ (14, 17) ರಕ್ಷಣೆ, ಕಾನೂನು ಗೊತ್ತಿರಲಿಲ್ಲ ಎಂಬುದು ರಕ್ಷಣೆ ಅಲ್ಲ. ಕಾನೂನುಬದ್ಧ ಕೆಲಸವನ್ನು ತಕ್ಕ ಎಚ್ಚರಿಕೆಯಿಂದ ಮಾಡುವಾಗಿನ ಆಕಸ್ಮಿಕ 18ರಲ್ಲಿ. ಏಳು ವರ್ಷದೊಳಗಿನ ಮಗು 20ರಲ್ಲಿ, ಬುದ್ಧಿಭ್ರಮಣೆ 22ರಲ್ಲಿ. ಈ ವಿನಾಯಿತಿಗಳ ಭಾರ ಸಾಕ್ಷ್ಯ ಅಧಿನಿಯಮದ 108ರಂತೆ ಆರೋಪಿಯ ಮೇಲೆ, ಆದರೆ ಅಭಿಯೋಜನೆಯಷ್ಟು ಬಿಗಿಯಾಗಿ ಅಲ್ಲ. ಅಷ್ಟು ಸಾಬೀತಾಗದಿದ್ದರೂ ಮನಸ್ಸಿನ ಬಗ್ಗೆ ಸಂದೇಹ ಎದ್ದರೆ ಬಿಡುಗಡೆಯಾಗಬಹುದು; 1964ರ ದಾಹ್ಯಾಭಾಯಿ ತೀರ್ಪು ಇದನ್ನು ಬಿಡಿಸಿ ಹೇಳಿದೆ.

ಎತ್ತುವ ಹೊತ್ತು

ಚಾರ್ಜ್‌ಶೀಟಿನ ಪ್ರತಿಗಳು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 230ರಂತೆ 14 ದಿನದೊಳಗೆ ಕೈಗೆ ಬರಬೇಕು. ವಾರಂಟ್ ಕೇಸಿನಲ್ಲಿ (ಎರಡು ವರ್ಷ ಮೀರಿದ ಶಿಕ್ಷೆಯದು) ಅಲ್ಲಿಂದ 60 ದಿನದೊಳಗೆ 262ರಡಿ ಡಿಸ್ಚಾರ್ಜ್ (ವಿಚಾರಣೆಗೆ ಮೊದಲೇ ಆರೋಪದಿಂದ ಬಿಡುಗಡೆ) ಅರ್ಜಿ. ಸೆಷನ್ಸ್ ಕೇಸಾದರೆ ಕಮಿಟ್ ಆದ (ಮ್ಯಾಜಿಸ್ಟ್ರೇಟರು ಸೆಷನ್ಸ್‌ಗೆ ಒಪ್ಪಿಸಿದ) ದಿನದಿಂದ 60 ದಿನ, ಕಲಂ 250. ಈ ಗಡುವು ಹಳೆಯ ಸಂಹಿತೆಯಲ್ಲಿ ಇರಲಿಲ್ಲವಾದ್ದರಿಂದ ಹಿರಿಯ ವಕೀಲರೂ ಮರೆಯುವುದುಂಟು. ಅದಕ್ಕಿಂತ ಹಗುರ ಶಿಕ್ಷೆಯ ಸಮನ್ಸ್ ಕೇಸಿಗೆ ಡಿಸ್ಚಾರ್ಜ್ ಇಲ್ಲ ಎಂಬ ಮಾತೂ ಈಗ ಹಳತಾಯಿತು. ಆರೋಪ ನಿರಾಧಾರ ಎನಿಸಿದರೆ ಕಾರಣ ಬರೆದು ಬಿಡಬಹುದು ಎಂದು 274ರ ಪರಂತುಕ ಹೇಳುತ್ತದೆ.

ಡಿಸ್ಚಾರ್ಜ್ ಅರ್ಜಿಗಳು ಬೀಳುವುದಕ್ಕೆ ಮುಖ್ಯ ಕಾರಣ, ತಮ್ಮ ಕಡೆಯ ಕಾಗದ ಹಚ್ಚಿ “ನೋಡ್ರಿ, ಉದ್ದೇಶ ಇರಲಿಲ್ಲ” ಅನ್ನುವುದು. ಆ ಹಂತದಲ್ಲಿ ಆರೋಪಿಯ ದಾಖಲೆ ನೋಡುವುದಿಲ್ಲ ಎಂಬುದು ದೇಬೇಂದ್ರನಾಥ ಪಾಢಿ ತೀರ್ಪಿನಿಂದ ಸ್ಥಿರವಾಗಿದೆ. ಕೊರತೆ ಪೊಲೀಸರ ಕಾಗದದಲ್ಲೇ ಕಾಣಬೇಕು. ಆ ನಾಲ್ಕನೇ ಕಾಲಂ ಈಗ ಉಪಯೋಗಕ್ಕೆ ಬರುತ್ತದೆ: ಯಾವ ಸಾಕ್ಷಿಯ ಹೇಳಿಕೆಯಲ್ಲೂ, ಯಾವ ಪಂಚನಾಮೆಯಲ್ಲೂ ಆ ಮನಸ್ಥಿತಿಗೆ ಸಂಬಂಧಪಟ್ಟ ಒಂದು ಸಂಗತಿಯೂ ಇಲ್ಲ ಎಂದು ಪುಟದ ನಂಬರು ಸಹಿತ ತೋರಿಸಿ. ಎಲ್ಲ ಕಲಂ ಬೀಳಿಸಲು ಹೋಗುವುದಕ್ಕಿಂತ 109 ತೆಗೆಸಿ 118ಕ್ಕೆ (ಅಪಾಯಕಾರಿ ಆಯುಧದಿಂದ ಗಾಯ) ಇಳಿಸುವ ಅರ್ಜಿ ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ. ಕೇಸು ಸೆಷನ್ಸ್‌ನಿಂದ ಮ್ಯಾಜಿಸ್ಟ್ರೇಟರ ಮುಂದಕ್ಕೆ ಬರುತ್ತದೆ.

ದಿವಾಣಿ ತಕರಾರಿಗೆ ಕ್ರಿಮಿನಲ್ ಬಣ್ಣ ಹಚ್ಚಿದ್ದು ಎಫ್‌ಐಆರ್‌ನ ಮೇಲ್ಮೈಯಲ್ಲೇ ಕಾಣುತ್ತಿದ್ದರೆ ಬಿಎನ್‌ಎಸ್‌ಎಸ್ ಕಲಂ 528ರಡಿ ಎಫ್‌ಐಆರ್ ರದ್ದು ಕೋರಿ ಹೈಕೋರ್ಟಿಗೆ ಹೋಗಬಹುದು. ಧಾರವಾಡ, ಗದಗ, ಹಾವೇರಿ ಮೂರಕ್ಕೂ 2013ರಿಂದ ಕಾಯಂ ಆಗಿರುವ ಧಾರವಾಡ ಪೀಠ. ಅರ್ಜಿಯ ಜೊತೆ ಫಿರ್ಯಾದಿನ ಪೂರ್ತಿ ಪ್ರತಿ ಇರಲಿ, ಎಫ್‌ಐಆರ್‌ನ ಮೊದಲ ಪುಟ ಮಾತ್ರ ಹಚ್ಚಿದರೆ ಕಚೇರಿಯಿಂದಲೇ ಆಕ್ಷೇಪಣೆ ಬರುತ್ತದೆ.

ಫಿರ್ಯಾದು ಬರೆಯುವವರಿಗೆ: ‘ಕೊಲೆ ಮಾಡುವ ಉದ್ದೇಶದಿಂದ’ ಎಂದು ಬರೆಸುವುದಕ್ಕಿಂತ, ಬಡಿಗೆಯನ್ನು ಟ್ರ್ಯಾಕ್ಟರಿನ ಟ್ರೇಲರಿನಿಂದ ಇಳಿಸಿಕೊಂಡ, ಬಿದ್ದ ಮೇಲೆ ಎರಡು ಸಲ ಹೊಡೆದ, ಇಂಥವರು ಹಿಡಿದು ಎಳೆದಾಗ ಬಿಟ್ಟ ಎಂದು ನಡೆದದ್ದನ್ನು ನಡೆದ ಹಾಗೆ ಬರೆಸಿ. ಪಾಟೀ ಸವಾಲಿನಲ್ಲಿ ‘ಉದ್ದೇಶ’ ಎಂಬ ಶಬ್ದ ಒಂದೇ ಪ್ರಶ್ನೆಗೆ ಉದುರುತ್ತದೆ, ಟ್ರೇಲರಿನಿಂದ ಇಳಿಸಿದ ಬಡಿಗೆ ಉದುರುವುದಿಲ್ಲ.